ಉಳ್ಳಾಗಡ್ಡಿ ಹಿಡಿಯೋರು ಯಾರು

ನಮ್ಮೂರಲ್ಲಿ ವರ್ಷದ ಅರ್ಧ ಭಾಗ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಲೋಟ ಕೈಜಾರಿದರೆ ಉರುಳುವುದಿಲ್ಲ, ಸದ್ದು ಮಾಡುವುದಿಲ್ಲ, ಯಾರೋ ಇಟ್ಟು ಹೋದಂತೆ ನೆಲದ ಮೇಲೆ ಕೂತಿರುತ್ತದೆ. ಅದು ಸುಮ್ಮಗಾಲ. ಉಳಿದ ಅರ್ಧ ಪುಟಿಗಾಲ. ಆಗ ಬಿದ್ದದ್ದೆಲ್ಲ ಪುಟಿಯುತ್ತದೆ. ಸೌಟು, ಬೀಗದಕೈ, ನಿಂಬೆಹಣ್ಣು, ಚಪ್ಪಲಿ, ಎಲ್ಲ. ತೆಂಗಿನಕಾಯಿ ಒಬ್ಬರ ಹಿತ್ತಲಲ್ಲಿ ಬಿದ್ದು ಇನ್ನೊಬ್ಬರ ಹಿತ್ತಲಲ್ಲಿ ನಿಲ್ಲುತ್ತದೆ, ನಿಂತ ಹಿತ್ತಲಿನವರಿಗೇ ಅದು ಸೇರತಕ್ಕದ್ದು ಎಂದು ಹಿರಿಯರು ಎಂದೋ ತೀರ್ಮಾನಿಸಿದ್ದಾರೆ. ಪುಟಿಗಾಲದಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಅಕ್ಷತೆ ಮದುಮಕ್ಕಳ ತಲೆಯಿಂದ ಪುಟಿದು ಹಾಕಿದವರ ಕಣ್ಣಿಗೇ ಬರುತ್ತದೆ. ನಡೆಯಲು ಕಲಿಯುವ ಕೂಸುಗಳಿಗೆ ಮಾತ್ರ ಆ ಕಾಲ ಒಳ್ಳೆಯದು. ಬಿದ್ದ ಕೂಸು ಅಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಎದ್ದು ನಿಂತಿರುತ್ತದೆ.

ಊರಾಚೆಯ ಹಳ್ಳ ದಾಟಿದರೆ ಇದೊಂದೂ ಇಲ್ಲ. ಅಲ್ಲಿ ಪುಟಿಯುವುದು ಪುಟಿಯುತ್ತದೆ, ಪುಟಿಯದ್ದು ಪುಟಿಯುವುದಿಲ್ಲ.

ನಮ್ಮದು ಖಾನಾವಳಿ. ಅಪ್ಪ ರೊಟ್ಟಿ ಬಡಿಯುತ್ತಿದ್ದ, ಅವ್ವ ಉಳಿದ ಎಲ್ಲವನ್ನೂ ಮಾಡುತ್ತಿದ್ದಳು. ಪುಟಿಗಾಲ ಬಂತೆಂದರೆ ಅಂಥ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲುವುದಿಲ್ಲ. ನಾನು ನೆಟ್ಟಗೆ ನಿಲ್ಲಲು ಕಲಿತಾಗಿನಿಂದ ಒಲೆಗೂ ತಲೆಬಾಗಿಲಿಗೂ ನಡುವೆ ನನ್ನ ಜಾಗ. ಹೆಚ್ಚುವಾಗ ಕೈತಪ್ಪಿದ ಉಳ್ಳಾಗಡ್ಡಿ ನೆಲಕ್ಕೆ ಬಡಿದು, ಗೋಡೆಗೆ ಬಡಿದು, ಬೀದಿಗೆ ಹಾರುವ ಮುನ್ನ ಹಿಡಿಯಬೇಕು. ಎರಡೂ ಕೈಗಳಲ್ಲಿ ಹಿಡಿದು ಹೊಟ್ಟೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಹಾರುತ್ತದೆ. ಊರಿನ ಎಲ್ಲ ಹುಡುಗಿಯರೂ ಹೀಗೇ ಬೆಳೆದವರು. ಯಾರ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಎಂಬುದು ಆ ತಿಂಗಳುಗಳಲ್ಲಿ ಬೀದಿಯಿಂದಲೇ ತಿಳಿಯುತ್ತಿತ್ತು. ಹೆಣ್ಣುಮಕ್ಕಳಿಲ್ಲದ ಮನೆಯ ಪಾತ್ರೆಗಳು ರಸ್ತೆಯಲ್ಲಿರುತ್ತಿದ್ದವು.

ಆದ್ದರಿಂದ ಹೈಸ್ಕೂಲಿನ ಹುಡುಗರು ಪುಟಿಗಾಲದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದರು, ಹುಡುಗಿಯರು ಸುಮ್ಮಗಾಲದಲ್ಲಿ. ಕೋರ್ಟು ಒಂದೇ, ಚೆಂಡೂ ಅದೇ. ನಮ್ಮ ಆಟದಲ್ಲಿ ಚೆಂಡು ನೆಲದ ಮೇಲೆ ಓಡುವಂತಿರಲಿಲ್ಲ. ಕೈಯಿಂದ ಕೈಗೆ ಹೋಗಬೇಕು, ಬಿದ್ದರೆ ಬಿದ್ದಲ್ಲೇ ಕೂರುತ್ತಿತ್ತು. ಅದಕ್ಕೆ ಓಟ ಕಡಿಮೆ, ಲೆಕ್ಕಾಚಾರ ಹೆಚ್ಚು. ಸುಮ್ಮಗಾಲದಲ್ಲಿ ಬೆನ್ನಟ್ಟಲು ಏನೂ ಇಲ್ಲದ ಕಾರಣ ಇಡೀ ಊರು ನೋಡಲು ಬರುತ್ತಿತ್ತು. ಮೆಟ್ಟಿಲುಗಳು ತುಂಬಿ ಜನ ಗೋಡೆಯ ಮೇಲೂ ಕೂರುತ್ತಿದ್ದರು. ಯಾರೂ ಕೂಗುತ್ತಿರಲಿಲ್ಲ. ನನ್ನ ಅವ್ವ ಮಹಾದೇವಿ ತನ್ನ ಕಾಲದಲ್ಲಿ ಆ ಆಟದ ನಾಯಕಿಯಾಗಿದ್ದವಳು. ಊಟಕ್ಕೆ ಬಂದ ವಯಸ್ಸಾದ ಗಂಡಸರು ಈಗಲೂ ಬುತ್ತಿ ಕಟ್ಟಿಸಿಕೊಳ್ಳುವಾಗ, "ಮಾದೇವಕ್ಕ, ಆವತ್ತ ನೀ ಎಡಗೈಲೆ ಒಗದದ್ದು..." ಎಂದು ಶುರುಮಾಡುತ್ತಿದ್ದರು. ಅವ್ವ, "ಪಲ್ಯ ಆರತೈತಿ, ನಡೀರಿ," ಎನ್ನುತ್ತಿದ್ದಳು. ಅನ್ನುವಾಗ ಕಿವಿ ಕೆಂಪಾಗುತ್ತಿತ್ತು.

ನಾನು ಹತ್ತನೆಯ ತರಗತಿಯಲ್ಲಿದ್ದಾಗ, ಸುಮ್ಮಗಾಲದ ಕೊನೆಗೆ, ಹಳ್ಳದಾಚೆಯ ಊರಿನ ಹೈಸ್ಕೂಲಿನವರು ನಮ್ಮ ಹುಡುಗಿಯರ ತಂಡವನ್ನು ಆಟಕ್ಕೆ ಕರೆದರು. ಅದುವರೆಗೂ ಯಾರೂ ಕರೆದಿರಲಿಲ್ಲ. ಬಸ್ಸಿನಲ್ಲಿ ಹಾಡುತ್ತಾ ಹೋದೆವು. ಒಂಬತ್ತನೆಯ ತರಗತಿಯಲ್ಲಿದ್ದ ನನ್ನ ತಮ್ಮ ಶಿವಯೋಗಿ, ಹುಡುಗರ ತಂಡದಲ್ಲಿ ಆಡುವವನು, ನೀರಿನ ಕೊಡ ಹೊರಲು ಬಂದಿದ್ದ.

ಅಲ್ಲಿ ಚೆಂಡು ಪುಟಿಯಿತು. ಪುಟಿಯುತ್ತದೆಂದು ನಮಗೆ ಗೊತ್ತಿತ್ತು, ಆದರೆ ಕೈಗಳಿಗೆ ಗೊತ್ತಿರಲಿಲ್ಲ. ಚೆಂಡು ನೆಲದಿಂದ ಎದ್ದ ಕೂಡಲೇ ನಾವು ಎರಡೂ ಕೈಗಳಲ್ಲಿ ಹಿಡಿದು ಹೊಟ್ಟೆಗೆ ಒತ್ತಿಕೊಂಡು ನಿಂತುಬಿಡುತ್ತಿದ್ದೆವು. ನಾನಷ್ಟೇ ಅಲ್ಲ, ಎಲ್ಲರೂ. ನಮ್ಮಲ್ಲೇ ಎತ್ತರದವಳಾದ ಬೀಬಿಜಾನ್ ಒಮ್ಮೆ ಹಾಗೆ ಹಿಡಿದವಳು, ಇದನ್ನು ಯಾವ ಬುಟ್ಟಿಗೆ ಹಿಂತಿರುಗಿ ಹಾಕಲಿ ಎಂಬಂತೆ ಸುತ್ತ ನೋಡಿದಳು. ಸೀಟಿ ಊದಿದರು. ಮತ್ತೆ ಊದಿದರು. ಜನ ಮೊದಲು ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟರು. ನಗು ನಿಂತದ್ದೇ ಹೆಚ್ಚು ಕಷ್ಟವಾಯಿತು. ಆಟ ಮುಗಿದ ಮೇಲೆ ಅವರ ಬಾಯಾರು, ಅಂದರೆ ಆಟ ಕಲಿಸುವ ಹೆಣ್ಣುಮಗಳು, ನಮ್ಮ ಬಳಿ ಬಂದರು.

"ಚೆಂಡು ಯಾಕ ಅಪ್ಪಿಕೋತೀರವಾ? ನಿಮ್ಮೂರಾಗ ಪುಟಿಯೂದಿಲ್ಲೇನು?"

"ಪುಟೀತೈತ್ರಿ," ಎಂದಳು ಬೀಬಿಜಾನ್. "ಗಂಡುಹುಡುಗೂರು ಆಡೂ ಮುಂದ."

ಹಿಂದಿರುಗುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ. ಶಿವಯೋಗಿ ಖಾಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಹಳ್ಳ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದ.

ನಮ್ಮ ಡ್ರಿಲ್ ಮಾಸ್ತರರಾದ ತವನಪ್ಪನವರು ಮರುದಿನ ಕೋರ್ಟಿನ ಪಕ್ಕ ಕೂತು ರಿಂಗಿನ ಬಲೆ ಹೊಲಿಯುತ್ತಿದ್ದರು. ನಾನೂ ಬೀಬಿಜಾನೂ ಹೋಗಿ ನಿಂತೆವು.

"ಸರ, ನಾವೂ ಪುಟಿಗಾಲದಾಗ ಆಡತೀವ್ರಿ."

"ಕೋರ್ಟು ಒಂದ ಐತಲ್ಲವಾ ನೀಲಾ."

"ವಾರದಾಗ ಆರು ದಿನಾ ಅದಾವಲ್ರಿ."

"ನಾನೂ ಒಬ್ಬನ ಅದೀನಿ."

"ನೀವು ಹೆಂಗೂ ದಿನಾ ಸಂಜೀಕ ಇಲ್ಲೇ ಕೂಡತೀರಲ್ರಿ," ಎಂದಳು ಬೀಬಿಜಾನ್.

"ಅದನ್ನ ನಮ್ಮ ಮನಿಯಾಕಿ ಮುಂದ ಹೇಳಬ್ಯಾಡ ಮತ್ತ," ಎಂದು ಮಾಸ್ತರರು ದಾರ ಕಡಿದರು. ಆಮೇಲೆ ಹೆಡ್‌ಮಾಸ್ತರರಿಗೆ ಹೇಳುತ್ತೇನೆ ಎಂದರು. ಇದು ನನ್ನ ಕೊನೆಯ ವರ್ಷ ಎಂಬುದು ಅವರಿಗೆ ಗೊತ್ತಿತ್ತು. ಈ ಪುಟಿಗಾಲ ತಪ್ಪಿದರೆ ನನಗೆ ಇನ್ನೊಂದಿಲ್ಲ.

ಶಾಲೆಯ ಹಾಲ್‌ನಲ್ಲಿ ಸಭೆ ಸೇರಿತು. ಹೆಡ್‌ಮಾಸ್ತರ ಹಣಮಂತರಾಯರು ಮೇಜಿನ ಮೇಲಿದ್ದ ಗಂಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಹುಡುಗರ ಅಪ್ಪಂದಿರು, ಅಭ್ಯಾಸದ ದಿನ ಅರ್ಧವಾದರೆ ನಮ್ಮ ಮಕ್ಕಳ ಕೈ ಜಡವಾಗುತ್ತದೆ ಎಂದರು. ಒಬ್ಬರು, ಹುಡುಗರೂ ಹುಡುಗಿಯರೂ ಒಂದೇ ಕಾಲದಲ್ಲಿ ಆಡಿದರೆ ಜನ ಯಾವುದನ್ನು ನೋಡಬೇಕು ಎಂದು ಕೇಳಿದರು. ಹಿಂದೆ ಆಡಿದ್ದ ಹೆಂಗಸರು, ನಮ್ಮ ಆಟಕ್ಕೆ ಏನು ಕಡಿಮೆಯಾಗಿತ್ತು ಎಂದರು. ನಾನು ಎದ್ದು ಹಳ್ಳದಾಚೆಯ ಆಟದ ಬಗ್ಗೆ ಹೇಳಿದೆ. ಕೋರ್ಟು ಒಂದೇ ಎಂದು ಮತ್ತೆ ಯಾರೋ ಅಂದರು.

ಆಗ ಅವ್ವ ಎದ್ದಳು. ನನ್ನ ಎದೆ ಹಗುರಾಯಿತು. ನಾಯಕಿಯಾಗಿದ್ದವಳ ಮಾತನ್ನು ಯಾರು ತಳ್ಳಿಹಾಕುತ್ತಾರೆ?

"ಕೋರ್ಟಿನ ಮಾತು ಇರಲಿ," ಎಂದಳು. "ಉಳ್ಳಾಗಡ್ಡಿ ಹಿಡಿಯೋರು ಯಾರು?"

ಗಂಡಸರು ಗೊಳ್ಳೆಂದು ನಕ್ಕರು. ಹೆಂಗಸರು ನಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಅಲ್ಲಲ್ಲಿ ತುಂಡಾಗಿ ನಿಂತಿತು. ಇಷ್ಟು ಹೊತ್ತು ಯಾರೂ ಆಡದಿದ್ದ ಮಾತು ಅದೊಂದೇ ಆಗಿತ್ತು. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ನನ್ನ ಅವ್ವನೇ ಬಾಗಿಲು ಹಾಕಿದಳು ಎಂದುಕೊಂಡೆ.

ಹುಡುಗರ ಸಾಲಿನಲ್ಲಿ ಶಿವಯೋಗಿ ಎದ್ದು ನಿಂತ. "ನಾವು ಹಿಡೀತೀವ್ರಿ."

"ನಾವು ಅಂದ್ರ ಯಾರಲೇ?" ಎಂದು ಪಕ್ಕದವನು ಅವನ ಅಂಗಿ ಎಳೆದ.

"ಅವರು ಆಡೂ ದಿನಾ ನಾವು ಮನಿಯಾಗ ಇರತೀವಲ್ಲ," ಎಂದ ಶಿವಯೋಗಿ. ಕೂರಲು ಧೈರ್ಯವಾಗದೆ ನಿಂತೇ ಇದ್ದ.

ಹಣಮಂತರಾಯರಿಗೆ ಸಭೆ ಮುಗಿದರೆ ಸಾಕಾಗಿತ್ತು. ಈ ಪುಟಿಗಾಲದ ಮಟ್ಟಿಗೆ ನೋಡೋಣ ಎಂದರು. ದಿನ ಬಿಟ್ಟು ದಿನ. ಹುಡುಗಿಯರು ಆಡುವ ದಿನ ಹುಡುಗರು ಮನೆಯಲ್ಲಿ. ಆದರೆ ಎರಡು ಕಾಲವನ್ನೂ ಹುಡುಗಿಯರಿಗೇ ಕೊಡಲಾಗದು, ಪರೀಕ್ಷೆಗಳಿವೆ, ತವನಪ್ಪನವರು ಒಬ್ಬರೇ ಇದ್ದಾರೆ. ಪುಟಿಗಾಲ ಬೇಕಾದರೆ ಸುಮ್ಮಗಾಲದ ಆಟ ಬಿಡಬೇಕು. "ಒಪ್ಪಿಗೆ ಏನವಾ?" ಎಂದು ನನ್ನನ್ನೇ ಕೇಳಿದರು. ನಾನು ಅವ್ವನ ಕಡೆ ನೋಡದೆ ಒಪ್ಪಿಗೆ ಎಂದೆ. ನೋಡಿದಾಗ ಅವಳು ಎದ್ದು ಹೋಗಿಯಾಗಿತ್ತು.

ಮನೆಯಲ್ಲಿ ಅವ್ವ ಬದನೆಕಾಯಿ ಸೀಳುತ್ತಿದ್ದಳು. ಅಪ್ಪ ರೊಟ್ಟಿಯ ಸದ್ದನ್ನು ಬೇಕೆಂದೇ ಜೋರು ಮಾಡಿದ.

"ಎಲ್ಲಾರ ಮುಂದ ಹಂಗ ಯಾಕ ಕೇಳಿದಿ?" ಎಂದೆ.

"ಕೇಳಲಿಲ್ಲಂದ್ರ ನಿಮಗ ಕೋರ್ಟು ಕೊಡತಿದ್ರು. ಮೊದಲನೇ ವಾರದಾಗ ಒಂದೊಂದ ಮನಿಯಿಂದ ಒಂದೊಂದ ಹುಡುಗಿನ ವಾಪಸ್ ಕರಸತಿದ್ರು. ಯಾಕ ಅಂತ ಯಾರೂ ಹೇಳತಿದ್ದಿಲ್ಲ." ಬದನೆಕಾಯಿಯಿಂದ ತಲೆ ಎತ್ತಲಿಲ್ಲ. "ನನಗೂ ಕೇಳಬೇಕಂತ ಅನಿಸಿತ್ತು, ನಿನ್ನ ವಯಸ್ಸಿನಾಗ. ಆವಾಗ ನಗತಾರಂತ ಕೇಳಲಿಲ್ಲ. ಈಗೂ ನಕ್ಕರು, ನೋಡು."

"ನಿನ್ನ ಆಟ ಹೋತಲ್ಲವಾ."

"ಹೋತು." ಸ್ವಲ್ಪ ಹೊತ್ತು ಸೀಳಿದಳು. "ನನಗ ಅದರ ಚಿಂತಿ ಅಲ್ಲ ನೀಲಾ. ನಾ ಆಡೂ ಮುಂದ ಇಡೀ ಊರು ಬಂದು ಕೂಡತಿತ್ತು. ಪುಟಿಗಾಲದಾಗ ನಿಮ್ಮನ್ನ ನೋಡಾಕ ಯಾರ ಬರತಾರ? ಎಲ್ಲಾರೂ ಅವರವರ ಸೌಟಿನ ಹಿಂದ ಓಡತಿರತಾರ."

"ಬರದಿದ್ರ ಬ್ಯಾಡ."

"ಹಂಗ ಅನಬ್ಯಾಡ," ಎಂದಳು. ಬೈಯುವಂತೆ ಅಲ್ಲ, ಬೇಡಿಕೊಳ್ಳುವಂತೆ.

ಪುಟಿಗಾಲ ಶುರುವಾಗುವುದು ಯಾವಾಗಲೂ ಯಾರದೋ ಅಡುಗೆಮನೆಯಲ್ಲಿ. ಆ ವರ್ಷ ಬೀಬಿಜಾನಳ ಮನೆಯಲ್ಲಿ ಶುರುವಾಯಿತು. ಅವಳ ಅಜ್ಜಿ ಅಡಿಕೆ ಕತ್ತರಿಸುವ ಅಡಕೊತ್ತು ಕೈಜಾರಿ ಮೊಣಕಾಲಿನ ಎತ್ತರಕ್ಕೆ ಹಾರಿತಂತೆ. ಮಧ್ಯಾಹ್ನದ ಹೊತ್ತಿಗೆ ಅವ್ವ ಹುಡುಗರ ತಂಡವನ್ನೆಲ್ಲ ಖಾನಾವಳಿಯ ಹಿತ್ತಲಿಗೆ ಕರೆಸಿ ಸಾಲಾಗಿ ನಿಲ್ಲಿಸಿದ್ದಳು. ಒಂದು ಬುಟ್ಟಿ ಉಳ್ಳಾಗಡ್ಡಿ ಪಕ್ಕಕ್ಕಿತ್ತು. ಒಂದನ್ನು ನೆಲಕ್ಕೆ ಬಿಟ್ಟಳು. ಅದು ಒಬ್ಬನ ಗಲ್ಲಕ್ಕೆ ಬಡಿದು ಮಾಡಿನ ಮೇಲೆ ಹೋಯಿತು.

"ಬಾಸ್ಕೆಟ್‌ಬಾಲ್ ಆಡತೀರಂತ, ಹುಲಿಗೋಳು," ಎಂದಳು. "ಚೆಂಡು ದುಂಡಗ ಇರತೈತಿ, ಹೇಳಿದಂಗ ಕೇಳತೈತಿ. ಇದು ಹಂಗಲ್ಲ. ಇದಕ ಜುಟ್ಟು ಐತಿ. ಜುಟ್ಟಿನ ಕಡೆ ಬಿದ್ರ ಓರೆ ಹಾರತೈತಿ. ಮ್ಯಾಲ ಏನ ನೋಡತೀರಿ? ಕೈಯಿಂದ ಜಾರಿದಾಗ ನೋಡ್ರಿ."

"ಕಣ್ಣಾಗ ನೀರು ಬರಾಕತ್ತಾವ್ರಿ ಮಾದೇವಕ್ಕ."

"ಬರಲಿ. ನನಗ ಹತ್ತು ವರಸದಾಕಿ ಇದ್ದಾಗಿಂದ ಬರತಾವ."

ಶಿವಯೋಗಿ ಹಿಡಿಯುತ್ತಿದ್ದ, ಆದರೆ ಹಿಡಿದ ಕೂಡಲೇ ಅಭ್ಯಾಸಬಲದಿಂದ ಮತ್ತೆ ನೆಲಕ್ಕೆ ಬಡಿಯುತ್ತಿದ್ದ. ಅವ್ವ ತಲೆಗೆ ಮೊಟಕುತ್ತಿದ್ದಳು. ಅತ್ತ ಕೋರ್ಟಿನಲ್ಲಿ ನಮ್ಮ ಪಾಡು ಇದರ ತಿರುವುಮುರುವು. ತವನಪ್ಪ ಮಾಸ್ತರರು, "ಬಿಡವಾ, ಬಿಡು, ಕೈ ಬಿಡು!" ಎಂದು ಕೂಗಿ ಗಂಟಲು ಕೆಡಿಸಿಕೊಂಡರು. ಪುಟಿದದ್ದನ್ನು ಹಿಡಿಯದೆ, ಬರಿಗೈಯಲ್ಲಿ ತಟ್ಟಿ ಮತ್ತೆ ನೆಲಕ್ಕೆ ಕಳಿಸುವುದು ನಮಗೆ ತಪ್ಪು ಕೆಲಸವೆಂದೇ ಅನ್ನಿಸುತ್ತಿತ್ತು. ಯಾರೋ ಒಳಗಿನಿಂದ ಬೈಯುತ್ತಾರೆ ಎಂದು ಕಾಯುತ್ತಿದ್ದೆವು. ಒಂದು ಸಂಜೆ ಬೀಬಿಜಾನ್ ಚೆಂಡನ್ನು ತಟ್ಟುತ್ತಾ ಕೋರ್ಟಿನ ಈ ಕೊನೆಯಿಂದ ಆ ಕೊನೆಗೆ ಹೋದಳು. ಮುಟ್ಟಿದ ಮೇಲೆ ನಿಂತು, "ಅಯ್ಯೋ, ಯಾರೂ ಏನೂ ಅನಲಿಲ್ಲ!" ಎಂದು ಕಿರುಚಿದಳು. ಅಂದಿನಿಂದ ನಮಗೂ ಆಟ ಕೈಹತ್ತಿತು.

ಹಳ್ಳದಾಚೆಯ ಹುಡುಗಿಯರನ್ನು ನಮ್ಮ ಕೋರ್ಟಿಗೆ ಕರೆದೆವು. ನಮ್ಮ ಮೊದಲ ಪುಟಿಗಾಲದ ಆಟ. ಸಂಜೆ ಬಿಸಿಲು ಇನ್ನೂ ಇತ್ತು. ಮೆಟ್ಟಿಲುಗಳು ಖಾಲಿ. ಒಂದು ತುದಿಯಲ್ಲಿ ಹಣಮಂತರಾಯರು ಗಂಟೆಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಿದ್ದರು, ಇನ್ನೊಂದು ತುದಿಯಲ್ಲಿ ಬೀಬಿಜಾನಳ ಅಜ್ಜಿ. ಅಷ್ಟೇ. ಊರಿನ ಕಡೆಯಿಂದ ಮಾತ್ರ ಭಾರಿ ಸದ್ದು ಬರುತ್ತಿತ್ತು. ತಾಟು, ಚರಿಗೆ, ತಂಬಿಗೆಗಳು ಬೀದಿಬೀದಿಯಲ್ಲಿ ಹಾರುತ್ತಿದ್ದವು, ಹುಡುಗರ "ಹಿಡಿ, ಹಿಡಿಯಲೇ!" ಎಂಬ ಕೂಗು, ಅದರ ಬೆನ್ನಿಗೆ ಹೆಂಗಸರ ಬೈಗುಳ. ಹಳ್ಳದಾಚೆಯ ಬಾಯಾರು, "ನಿಮ್ಮೂರಾಗ ಇವತ್ತ ಏನಾರ ಹಬ್ಬ ಐತೇನು?" ಎಂದು ಕೇಳಿದರು.

ಆಡಿದೆವು. ಮೊದಲರ್ಧದಲ್ಲಿ ನಾನು ಎರಡು ಸಲ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡೆ. ಆದರೆ ಕೈಯಿಂದ ಕೈಗೆ ಕಳಿಸುವುದರಲ್ಲಿ ನಮ್ಮನ್ನು ಮುಟ್ಟಲು ಅವರಿಗೆ ಆಗಲಿಲ್ಲ. ನಡುವೆ ಎರಡು ನಿಂಬೆಹಣ್ಣುಗಳು ಬೀದಿಯಿಂದ ಗೋಡೆ ಹಾರಿ ಕೋರ್ಟಿಗೆ ಬಂದವು, ಅವುಗಳ ಹಿಂದೆ ಗೋಡೆ ಹತ್ತಿದ ಹುಡುಗನೊಬ್ಬ ನಮ್ಮನ್ನು ನೋಡುತ್ತಾ ಅಲ್ಲೇ ಕೂತುಬಿಟ್ಟ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಮೆಟ್ಟಿಲುಗಳ ಕಡೆ ನೋಡುತ್ತಿದ್ದೆ. ಬರದಿದ್ದರೆ ಬೇಡ ಎಂದವಳು ನಾನೇ. ಆದರೆ ಬಾಯಿಗೆ ಬಂದದ್ದು ಕಣ್ಣಿಗೆ ತಿಳಿಯುತ್ತಿರಲಿಲ್ಲ.

ಕೊನೆಯ ಭಾಗದಲ್ಲಿ ಅವ್ವ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇತ್ತು, ಓಡಿ ಬಂದಿದ್ದಳು. ಅವಳ ಹಿಂದೆ ಹಿಟ್ಟಿನ ಕೈಯ ಅಪ್ಪ. ಖಾನಾವಳಿಯಲ್ಲಿ ಊಟದವರು ಕೂತಿರುವಾಗ ಇಬ್ಬರೂ ಹೊರಗೆ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವ್ವ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಿನಲ್ಲಿ ಕೂತಳು. ನಾನು ಚೆಂಡು ತಟ್ಟುತ್ತಾ ಹೊರಟೆ. ನನ್ನೆದುರಿನ ಹುಡುಗಿ ಎಡಕ್ಕೆ ವಾಲಿದಳು, ನಾನು ಚೆಂಡನ್ನು ಬಲಕ್ಕೆ ಬಿಟ್ಟೆ. ಅದು ನನ್ನಿಂದ ದೂರ ಹೋಯಿತು, ನೆಲಕ್ಕೆ ಬಡಿಯಿತು, ನಾನು ಹೋಗುವಲ್ಲಿಗೇ ಎದ್ದು ಬಂತು. ಎಸೆದೆ. ರಿಂಗಿನ ಅಂಚಿಗೆ ಬಡಿದು ಒಳಗೆ ಬಿತ್ತು.

ಆದರೂ ಸೋತೆವು. ಹೆಚ್ಚಿನ ಅಂತರವಿಲ್ಲ. ಬಾಯಾರು ನನ್ನ ಬೆನ್ನು ತಟ್ಟಿ ಬಸ್ಸಿಗೆ ಹೋದರು. ಅವ್ವ ಎದ್ದು ಬಂದು ನನ್ನ ಮುಖವನ್ನು ಸೆರಗಿನಿಂದ ಒರೆಸಿದಳು. ಸೆರಗಿಗೆ ಒಗ್ಗರಣೆಯ ವಾಸನೆಯಿತ್ತು.

"ನನಗ ಈ ಆಟ ತಿಳೀಲಿಲ್ಲ," ಎಂದಳು. "ಎಲ್ಲಿ ನೋಡಬೇಕಂತನ ಗೊತ್ತಾಗಲಿಲ್ಲ. ಚೆಂಡು ನೋಡಿದ್ರ ನೀ ಕಾಣೂದಿಲ್ಲ, ನಿನ್ನ ನೋಡಿದ್ರ ಚೆಂಡು ಕಾಣೂದಿಲ್ಲ. ಕಡೀಕ ನಿನ್ನ ಅಷ್ಟ ನೋಡಿದೆ."

"ಖಾನಾವಳಿ ಯಾರ ನೋಡಾಕತ್ತಾರ?"

"ನಿನ್ನ ತಮ್ಮ."

"ಒಬ್ಬನ?"

"ಏನಾಗಿರತೈತೋ ಹೋಗಿ ನೋಡೂಣು ನಡಿ," ಎಂದ ಅಪ್ಪ. ಹೋಗಿ ನೋಡಿದೆವು. ಊಟದವರೆಲ್ಲ ತಮ್ಮ ತಮ್ಮ ತಾಟುಗಳನ್ನು ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ಶಿವಯೋಗಿ ನಡುವೆ ನಿಂತು ಎರಡೂ ಕೈಗಳಲ್ಲಿ ಒಂದು ಉಳ್ಳಾಗಡ್ಡಿಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದ. "ಒಂದ ಹಿಡದೆ ಅಕ್ಕಾ," ಎಂದ.

ಊರು ನಿಧಾನವಾಗಿ ಹೊಂದಿಕೊಂಡಿತು. ನಮ್ಮ ಆಟದ ದಿನಗಳಲ್ಲಿ ಜನ ಬೆಳಿಗ್ಗೆಯೇ ಅಡುಗೆ ಮುಗಿಸಿ ಪಾತ್ರೆಗಳನ್ನು ಚೀಲದಲ್ಲಿ ಕಟ್ಟಿಡಲು ಕಲಿತರು. ಕೊನೆಯ ಆಟಗಳಿಗೆ ಅರ್ಧ ಮೆಟ್ಟಿಲು ತುಂಬಿತು. ಎಂದೂ ಪೂರ್ತಿ ತುಂಬಲಿಲ್ಲ. ಮುಂದಿನ ವರ್ಷಕ್ಕೂ ಹೀಗೇ ಇರಲಿ ಎಂದು ಹಣಮಂತರಾಯರು ಹೇಳಿದಾಗ ಸಭೆ ಕರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

ಆಮೇಲೆ ಸುಮ್ಮಗಾಲ ಬಂತು. ನನ್ನ ಪರೀಕ್ಷೆ ಮುಗಿದಿತ್ತು. ಸಂಜೆಯಾದೊಡನೆ ಜನ ರೂಢಿಯಂತೆ ಕೋರ್ಟಿಗೆ ಬಂದರು. ಆಟವಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆದರೂ ಆ ಹೊತ್ತಿನಲ್ಲಿ ಬೇರೆ ಎಲ್ಲಿಗೆ ಹೋಗಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಮೆಟ್ಟಿಲು ತುಂಬಿ ಗೋಡೆಯ ಮೇಲೂ ಕೂತರು. ಖಾಲಿ ಕೋರ್ಟನ್ನು ನೋಡಿದರು. ಮರುದಿನವೂ ಬಂದು ನೋಡಿದರು. ಮೂರನೆಯ ಸಂಜೆ ತವನಪ್ಪ ಮಾಸ್ತರರು ಬಂದು, ಯಾರಿಗೂ ಏನೂ ಹೇಳದೆ, ಚೆಂಡನ್ನು ಕೋರ್ಟಿನ ನಡುವೆ ಇಟ್ಟು ಹೋಗಿ ತಮ್ಮ ಜಾಗದಲ್ಲಿ ಕೂತರು.

ಆಮೇಲೆ ಅವ್ವ ನನ್ನ ಪಕ್ಕದಿಂದ ಎದ್ದಳು. ಚಪ್ಪಲಿಯನ್ನು ಮೆಟ್ಟಿಲಿನ ಮೇಲೇ ಬಿಟ್ಟಳು, ಸೀರೆಯನ್ನು ಮೇಲೆತ್ತಿ ಕಚ್ಚೆ ಹಾಕಿದಳು. ಆ ಬದಿಯಿಂದ ಬೀಬಿಜಾನಳ ತಾಯಿ ಎದ್ದರು. ಮೇಲಿನ ಸಾಲಿನಿಂದ ಮಾಸ್ತರರ ಹೆಂಡತಿ, "ನಂದೂ ಒಂದ ಮೊಣಕಾಲು ಇನ್ನೂ ನೆಟ್ಟಗ ಐತ್ರೆವಾ," ಎನ್ನುತ್ತಾ ಇಳಿದರು. ಮತ್ತೂ ಕೆಲವರು ಇಳಿದರು. ಎರಡು ತಂಡಕ್ಕೆ ಒಬ್ಬರು ಕಡಿಮೆಯಾದರು. ನಾನು ಎದ್ದೆ.

ಅವ್ವ ತಿರುಗಿ ನೋಡಿದಳು. "ನೀ ಎಲ್ಲಿ ಹೊಂಟಿ?"

"ಒಬ್ಬರು ಕಡಿಮಿ ಅದೀರಲ್ಲ."

"ಕಡಿಮಿ ಇದ್ರ ಇರಲಿ. ನೀ ಅಲ್ಲೇ ಕೂಡು." ಅವಳ ಕಿವಿ ಕೆಂಪಾಗಿತ್ತು. "ಕೂತು ನೋಡು."

ನಾನು ಕೂತೆ. ಅವ್ವ ಚೆಂಡನ್ನು ಎತ್ತಿಕೊಂಡು, ಅದರ ಭಾರವನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾಕಿ ನೋಡಿದಳು. ಇಡೀ ಊರು ಸುಮ್ಮನಾಯಿತು. ಅಷ್ಟು ದೂರದಿಂದಲೂ ಅವಳು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು.